ಶವರ್ ಸೋರಿದರೆ ಟೈಲ್ಸ್ ಒಡೆಯಲೇಬೇಕೇ? ವಾಸ್ತವ ಏನು?

ಬಾತ್‌ರೂಮ್ ನವೀಕರಣಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ‘ಗೋಡೆಯೊಳಗಿನ ಡೈವರ್ಟರ್ ಕೆಟ್ಟರೆ ಟೈಲ್ಸ್ ಒಡೆಯಲೇಬೇಕು.’ ‘ಹೊರಗಿನ ಹಿಡಿಕೆ ಯಾವ ಕಂಪನಿಯದ್ದಾದರೂ ಕೂರುತ್ತದೆ.’ ಎರಡೂ ಪೂರ್ತಿ ನಿಜವಲ್ಲ.

ಒಳಗೇನಿದೆ?

ಗೋಡೆಯೊಳಗೆ ಹುದುಗಿರುವ ಹಿತ್ತಾಳೆಯ ಭಾಗವೇ ವಾಲ್ವ್. ಅಂಗಡಿಯವರು ಇದನ್ನು ‘ಕನ್ಸೀಲ್ಡ್ ಬಾಡಿ’ ಎನ್ನುತ್ತಾರೆ. ಬಿಸಿನೀರು, ತಣ್ಣೀರು ಬೆರೆಯುವುದು ಅದರೊಳಗಿನ ಕಾರ್ಟ್ರಿಡ್ಜ್‌ನಲ್ಲಿ. ಹೊರಗೆ ಹೊಳೆಯುವ ಹಿಡಿಕೆ ಮತ್ತು ತಟ್ಟೆ ಟ್ರಿಮ್ ಕಿಟ್. ಇವೆರಡನ್ನೂ ಹೆಚ್ಚಾಗಿ ಬೇರೆ ಬೇರೆಯಾಗಿ ಮಾರುತ್ತಾರೆ. ಅಳತೆ ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುವುದರಿಂದ ಎಲ್ಲ ಟ್ರಿಮ್ ಎಲ್ಲ ವಾಲ್ವ್‌ಗೂ ಹೊಂದುವುದಿಲ್ಲ.

ಟೈಲ್ಸ್ ಯಾವಾಗ ಒಡೆಯಬೇಕು?

ಶವರ್ ನಿಲ್ಲಿಸಿದ ಮೇಲೂ ನೀರು ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಗಿ ಸವೆದಿರುವುದು ಕಾರ್ಟ್ರಿಡ್ಜ್. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಿಳಿ ಪದರ ಕಟ್ಟಿ ಇದು ಬೇಗ ಹಾಳಾಗಬಹುದು. ನೀರಿನ ಸಂಪರ್ಕ ನಿಲ್ಲಿಸಿ, ಹಿಡಿಕೆ, ತಟ್ಟೆ ಬಿಚ್ಚಿದರೆ ಮುಂದಿನಿಂದಲೇ ಅದನ್ನು ಬದಲಿಸಬಹುದು. ವಾಲ್ವ್ ಬಿರುಕು ಬಿಟ್ಟಿದ್ದರೆ, ಪೈಪಿನ ಜೋಡಣೆ ಸೋರುತ್ತಿದ್ದರೆ ಅಥವಾ ಆ ಮಾಡೆಲ್‌ನ ಬಿಡಿಭಾಗ ಸಿಗದಿದ್ದರೆ ಮಾತ್ರ ಗೋಡೆ ಒಡೆಯುವ ಪ್ರಶ್ನೆ.

ಸುಡುವ ಅಪಾಯ

ಸಾಮಾನ್ಯ ಡೈವರ್ಟರ್ ನೀರಿನ ಬಿಸಿಯನ್ನು ಅಳೆಯುವುದಿಲ್ಲ. ಅಡುಗೆಮನೆಯಲ್ಲಿ ಯಾರೋ ತಣ್ಣೀರು ಬಿಟ್ಟರೆ ಶವರ್‌ನಲ್ಲಿ ಒಮ್ಮೆಲೇ ಬಿಸಿ ಏರಬಹುದು. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಗಂಭೀರವಾಗಿ ಸುಡಬಲ್ಲದು. ಮಕ್ಕಳಿಗೆ, ವೃದ್ಧರಿಗೆ ಅಪಾಯ ಇನ್ನೂ ಹೆಚ್ಚು. ಥರ್ಮೋಸ್ಟಾಟಿಕ್ ವಾಲ್ವ್ ಬಿಸಿಗೆ ತಕ್ಕಂತೆ ತಾನೇ ಮಿಶ್ರಣ ಸರಿಹೊಂದಿಸುತ್ತದೆ. ಹಲವು ಮಾಡೆಲ್‌ಗಳಲ್ಲಿ 38 ಡಿಗ್ರಿಯ ಬಳಿ ಸುರಕ್ಷತಾ ತಡೆಯೂ ಇರುತ್ತದೆ. ಇದು ಬೇಕಿದ್ದರೆ ಟೈಲ್ಸ್ ಹಾಕುವ ಮೊದಲೇ ನಿರ್ಧರಿಸಿ. ಟ್ರಿಮ್ ಬದಲಿಸಿದ ಮಾತ್ರಕ್ಕೆ ಹಳೆಯ ವಾಲ್ವ್‌ಗೆ ಈ ಗುಣ ಬರುವುದಿಲ್ಲ.

ಟೈಲ್ಸ್‌ಗೆ ಮುನ್ನ ಗಮನಿಸಿ

• ವಾಲ್ವ್ ಮತ್ತು ಟ್ರಿಮ್ ಹೊಂದುತ್ತವೆಯೇ ಎಂದು ಮಾಡೆಲ್ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ.
• ವಾಲ್ವ್‌ನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಆಳದ ಗುರುತಿದ್ದರೆ, ಟೈಲ್ಸ್‌ನ ಮೇಲ್ಮೈ ಅವುಗಳ ನಡುವೆ ಬರಬೇಕು.
• ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಮಾಡಿಸಿ.
• ವಾಲ್ವ್, ಪೈಪ್ ಕಾಣುವಂತೆ ಫೋಟೋ ತೆಗೆದು, ಬಿಲ್ ಜೊತೆ ಇಟ್ಟುಕೊಳ್ಳಿ.

ಒಟ್ಟಾರೆ, ಸೋರುವ ಶವರ್‌ಗಾಗಿ ಪ್ರತಿ ಬಾರಿ ಟೈಲ್ಸ್ ಒಡೆಯಬೇಕಿಲ್ಲ. ಸುತ್ತಿಗೆ ಎತ್ತುವ ಮೊದಲು ಕಾರ್ಟ್ರಿಡ್ಜ್ ಪರೀಕ್ಷಿಸಲು ಪ್ಲಂಬರ್‌ಗೆ ಹೇಳಿ.