ವಿಲ್ಕ್ಸ್ ಮತ್ತು ಅವನ ಮತದಾರರು

1763 ಹೈದರಾಲಿಯು ಬಿದನೂರನ್ನು ಗೆದ್ದುಕೊಂಡ ವರ್ಷ. ಅದರ ಬೆನ್ನಲ್ಲೇ ಸೋದೆಯ ಅರಸನೂ ನೆಲೆ ತಪ್ಪಿ ಗೋವೆಗೆ ಸರಿದ. ಒಡೆಯ ಬದಲಾದನೆಂಬುದು ನಮ್ಮ ಸೂಪಾ ಸೀಮೆಯ ರೈತನಿಗೆ ತಿಳಿದದ್ದು ಕಂದಾಯ ಕೇಳಲು ಬಂದ ಹೊಸ ಮುಖವನ್ನು ಕಂಡಾಗಲೇ ಇರಬೇಕು. ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಅದೇ ವರ್ಷ ಲಂಡನ್ನಿನಲ್ಲಿ ಜಾನ್ ವಿಲ್ಕ್ಸ್ ಎಂಬ ಪಾರ್ಲಿಮೆಂಟಿನ ಸದಸ್ಯನು ತನ್ನ ‘ನಾರ್ತ್ ಬ್ರಿಟನ್’ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ದೊರೆಯ ಭಾಷಣವನ್ನು ಟೀಕಿಸಿ ಸೆರೆಮನೆ ಸೇರಿದ. ವಾರದೊಳಗೆ ಬಿಡುಗಡೆಯಾಯಿತಾದರೂ ಮುಂದೆ ಫ್ರಾನ್ಸಿಗೆ ಓಡಬೇಕಾಯಿತು. ಅವನೇನೂ ಸಚ್ಚರಿತನಲ್ಲ, ಸಾಲಗಾರ, ವಿಲಾಸಿ. ಆದರೂ 1768ರಲ್ಲಿ ಮರಳಿ ಬಂದು ಮಿಡಲ್‌ಸೆಕ್ಸ್ ಕ್ಷೇತ್ರದಿಂದ ನಿಂತಾಗ ಅಂಗಡಿಕಾರರೂ ಕಸುಬುದಾರರೂ ಅವನನ್ನು ಗೆಲ್ಲಿಸಿದರು. ವೋಟೇ ಇಲ್ಲದ ಬಡಜನ ಬೀದಿಗಿಳಿದರು. ಮನೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದ ‘45’ ಮೂಡಿತು. 1769ರಲ್ಲಿ ಸದನ ಅವನನ್ನು ಹೊರಹಾಕಿತು. ಮತದಾರರು ಮತ್ತೆ ಆರಿಸಿದರು. ಸದನ ಆ ಆಯ್ಕೆಯನ್ನು ರದ್ದುಮಾಡಿತು. ಅವರು ಮತ್ತೆ ಆರಿಸಿದರು. ಮೂರನೆಯ ಸಲ ಅವನಿಗೆ 1143 ವೋಟು, ಎದುರಾಳಿ ಲಟ್ರೆಲ್‌ನಿಗೆ 296. ಸದನ ಸದಸ್ಯನೆಂದು ಸಾರಿದ್ದು ಲಟ್ರೆಲ್‌ನನ್ನು!

ನಗರ ಸೋಲೊಪ್ಪಲಿಲ್ಲ. 1774ರಲ್ಲಿ ಅವನನ್ನು ಲಂಡನ್ನಿನ ಮೇಯರನನ್ನಾಗಿ ಮಾಡಿತು. ಅದೇ ವರ್ಷ ಮಿಡಲ್‌ಸೆಕ್ಸ್ ಅವನನ್ನು ಪಾರ್ಲಿಮೆಂಟಿಗೂ ಕಳಿಸಿತು. 1776ರಲ್ಲಿ ಅವನು ಬಡವನಿಗೂ ಪ್ರಾತಿನಿಧ್ಯ ಬೇಕೆಂದು ಸದನದಲ್ಲಿ ವಾದಿಸಿದ. ಆದರೆ 1780ರ ಗಾರ್ಡನ್ ದಂಗೆಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾವಲಿಗೆ ನಿಂತು, ಗುಂಪಿನ ಮೇಲೆ ಗುಂಡು ಹಾರಿಸಿದವರಲ್ಲಿ ಅವನೂ ಒಬ್ಬ. ಒಂದು ಕಾಲಕ್ಕೆ ಹೆಗಲ ಮೇಲೆ ಹೊತ್ತ ಜನ ಅದನ್ನು ಮರೆಯಲಿಲ್ಲ. 1790ರ ಚುನಾವಣೆಯಲ್ಲಿ ಸೋಲು ಕಂಡದ್ದರಿಂದ ಅವನೇ ಹಿಂದೆ ಸರಿದ.

1978ರ ಡಿಸೆಂಬರ್ ನನಗೆ ನೆನಪಾಗುತ್ತದೆ. ನಾನಾಗ ವಿದ್ಯಾರ್ಥಿ, ತಂದೆ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಕಾರ್ಮಿಕರು. ಹಿಂದಿನ ತಿಂಗಳಷ್ಟೇ ಚಿಕ್ಕಮಗಳೂರಿನಿಂದ ಗೆದ್ದಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಹೊರಹಾಕಿದ ವಾರ್ತೆ ರೇಡಿಯೋದಲ್ಲಿ ಬಂತು. ತುರ್ತುಪರಿಸ್ಥಿತಿಯನ್ನು ಮೆಚ್ಚದ ತಂದೆಯವರು ಕೂಡ ಊಟದ ತಟ್ಟೆಯ ಮುಂದೆ ಕೈ ತಡೆದು ಕೇಳಿದರು: “ಹಂಗಾದ್ರ ಆ ಊರವರ ವೋಟು ಎಲ್ಲಿ ಹೋತೋ ತಮ್ಮಾ?”

ಉತ್ತರ ಆಗ ನನಗೆ ತಿಳಿದಿರಲಿಲ್ಲ. ವಿಲ್ಕ್ಸ್‌ನ ವಿರುದ್ಧದ ನಿರ್ಣಯವನ್ನು 1782ರಲ್ಲಿ ಇಂಗ್ಲೆಂಡಿನ ಸದನ ತನ್ನ ದಾಖಲೆಯಿಂದ ಅಳಿಸಿಹಾಕಿತು. 1981ರಲ್ಲಿ ನಮ್ಮ ಲೋಕಸಭೆಯೂ ತನ್ನ ಹಿಂದಿನ ನಿರ್ಣಯವನ್ನು ರದ್ದುಪಡಿಸಿತು. ಆರಿಸಿ ಬಂದವನು ಯೋಗ್ಯನೋ ಅಯೋಗ್ಯನೋ, ಆ ತೀರ್ಪು ಆರಿಸಿದವರದು. ಮಿಡಲ್‌ಸೆಕ್ಸಿನವರು ಅದನ್ನು ಎರಡು ಸಲ ಕೊಟ್ಟರು: ಎತ್ತಿ ಹಿಡಿದಾಗ ಒಮ್ಮೆ, ಕೈಬಿಟ್ಟಾಗ ಇನ್ನೊಮ್ಮೆ. ತಂದೆಯವರು ಇಂದು ಇದ್ದಿದ್ದರೆ ಇಷ್ಟನ್ನು ಹೇಳುತ್ತಿದ್ದೆ.