‘ಸಂಕಟ’ ಎಂಬ ಮಾತು: ರೋಗಿಯನ್ನು ಗಮನಿಸುವ ವಿದ್ಯೆಯ ಚರಿತ್ರೆ ಮತ್ತು ಗಡಿನಾಡಿನ ಕನ್ನಡ

ಔಷಧಗಳ ಚರಿತ್ರೆ, ಶಸ್ತ್ರಚಿಕಿತ್ಸೆಯ ಚರಿತ್ರೆ ವಿಪುಲವಾಗಿ ರಚಿತವಾಗಿವೆ. ರೋಗಿಯ ಮಂಚದ ಬಳಿ ಎಚ್ಚರವಿದ್ದು, ಬರಲಿರುವ ತೊಡಕನ್ನು ಮುಂಚಿತವಾಗಿ ಗುರುತಿಸಿದ ಶುಶ್ರೂಷಕಿಯರ ವಿದ್ಯೆಯ ಚರಿತ್ರೆಗೆ ಅಷ್ಟು ಗಮನ ದೊರೆತಿಲ್ಲ. ಈ ವಿದ್ಯೆಗೆ ಎರಡು ಆಧಾರಗಳಿವೆ: ಅಳೆಯಬಹುದಾದ ಚಿಹ್ನೆ ಮತ್ತು ರೋಗಿಯ ಬಾಯಿಂದ ಬರುವ ಮಾತು. ಮೊದಲನೆಯದು ನೂರೈವತ್ತು ವರ್ಷಗಳಲ್ಲಿ ಬಹಳ ಬೆಳೆಯಿತು. ಎರಡನೆಯದರ ಸ್ಥಿತಿ, ವಿಶೇಷವಾಗಿ ಗಡಿನಾಡಿನ ಕನ್ನಡಿಗರ ಮಟ್ಟಿಗೆ, ವಿಚಾರಾರ್ಹವಾಗಿದೆ.

1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್, ಮುಂದೆ ಶುಶ್ರೂಷೆಯನ್ನು ಕುರಿತು ಬರೆದ ಗ್ರಂಥದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ‘ರಾತ್ರಿ ಚೆನ್ನಾಗಿ ಕಳೆಯಿತೇ’ ಎಂಬಂಥ ಪ್ರಶ್ನೆ ನಿಷ್ಫಲ. ಎಷ್ಟು ಗಂಟೆ ನಿದ್ರೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು ಎಂಬುದು ಅವಳ ವಾದ. ನಿಖರವಾದ ಪ್ರಶ್ನೆಗೆ ಮಾತ್ರ ನಿಖರವಾದ ಉತ್ತರ ಸಿಗುತ್ತದೆ ಎಂಬ ಈ ತತ್ತ್ವವು ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡಿತ್ತು: ಕೇಳುವವಳೂ ಹೇಳುವವನೂ ಒಂದೇ ಭಾಷೆಯವರು.

ಅಳತೆಯ ದಾರಿ ಇದಕ್ಕೆ ಸಮಾನಾಂತರವಾಗಿ ತೆರೆದುಕೊಂಡಿತು. 1868ರಲ್ಲಿ ಲೈಪ್‌ಜಿಗ್‌ನ ವುಂಡರ್‌ಲಿಷ್ ರೋಗಗಳಲ್ಲಿ ದೇಹದ ಉಷ್ಣತೆಯ ಏರಿಳಿತವನ್ನು ಕುರಿತು ತನ್ನ ಗ್ರಂಥವನ್ನು ಪ್ರಕಟಿಸಿದನು. ಅದೇ ದಶಕದಲ್ಲಿ ಇಂಗ್ಲೆಂಡಿನ ಆಲ್‌ಬಟ್ ಸುಮಾರು ಆರು ಅಂಗುಲದ, ಐದು ನಿಮಿಷಗಳಲ್ಲಿ ಅಳತೆ ಕೊಡುವ ಉಷ್ಣಮಾಪಕವನ್ನು ರೂಪಿಸಿದನು. ಜ್ವರಪಟ್ಟಿ ಮಂಚದ ಕಾಲಿನ ಬಳಿ ತೂಗತೊಡಗಿತು.

ಈ ಪಟ್ಟಿಯ ಮಹತ್ವ ವಿಷಮಶೀತ ಜ್ವರದಲ್ಲಿ ಸ್ಪಷ್ಟವಾಗುತ್ತದೆ. 1948ರಲ್ಲಿ ಕ್ಲೋರಾಂಫೆನಿಕಾಲ್‌ನ ಗುಣ ಸಿದ್ಧವಾಗುವವರೆಗೆ ಈ ರೋಗಕ್ಕೆ ಶುಶ್ರೂಷೆಯೇ ಮುಖ್ಯ ಚಿಕಿತ್ಸೆಯಾಗಿತ್ತು. ಇದರಲ್ಲಿ ಜ್ವರ ಏರಿದಷ್ಟು ನಾಡಿ ಏರುವುದಿಲ್ಲ. ಮೂರನೆಯ ವಾರದ ಸುಮಾರಿಗೆ ಕರುಳಿನ ಹುಣ್ಣಿನಿಂದ ರಕ್ತ ಸೋರಬಹುದು, ಕರುಳು ತೂತಾಗಬಹುದು. ರಕ್ತ ಸೋರಿದಾಗ ಜ್ವರ ಥಟ್ಟನೆ ಇಳಿಯುತ್ತದೆ, ನಾಡಿ ಏರುತ್ತದೆ. ಪಟ್ಟಿಯಲ್ಲಿ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಜ್ವರ ಬಿಟ್ಟಿತೆಂದು ಮನೆಯವರು ಸಮಾಧಾನಪಡುವ ಆ ಗಳಿಗೆಯೇ ಶುಶ್ರೂಷಕಿ ವೈದ್ಯನನ್ನು ಕೂಗಬೇಕಾದ ಗಳಿಗೆ.

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿಯೂ ಇದೇ ಬಗೆ. 1867ರಲ್ಲಿ ಲಿಸ್ಟರ್ ತನ್ನ ನಂಜುನಿರೋಧಕ ವಿಧಾನವನ್ನು ಪ್ರಕಟಿಸಿದ ನಂತರ ಶಸ್ತ್ರಕ್ರಿಯೆಗಳು ಹೆಚ್ಚಿದವು. ಅವುಗಳ ಅನಂತರದ ದಿನಗಳ ಕಾವಲು ಶುಶ್ರೂಷಕಿಯರ ಪಾಲಿಗೆ ಬಂತು. ಒಳಗೇ ರಕ್ತ ಸೋರುತ್ತಿರುವ ರೋಗಿಯ ರಕ್ತದೊತ್ತಡ ಸ್ವಲ್ಪ ಹೊತ್ತು ಸರಿಯಾಗಿಯೇ ಇರಬಹುದು. ಅದಕ್ಕೂ ಮೊದಲೇ ನಾಡಿ, ಉಸಿರು ಚುರುಕಾಗುತ್ತವೆ, ಮೈ ತಣ್ಣಗೆ ಬೆವರುತ್ತದೆ, ರೋಗಿ ಚಡಪಡಿಸುತ್ತಾನೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದಾಗ ಹಠಾತ್ತನೆ ಏದುಸಿರು ಕಾಣಿಸಬಹುದು. ಇಂಥ ಹೊತ್ತಿನಲ್ಲಿ ರೋಗಿ ಮೊದಲು ಹೇಳುವುದು ಬಹುಶಃ ಒಂದೇ ಮಾತು: ‘ಏನೋ ಸಂಕಟವಾಗುತ್ತಿದೆ.’

ಈ ಮಾತನ್ನು ಗಡಿಯಲ್ಲಿ ನಿಲ್ಲಿಸಿ ನೋಡೋಣ. ಕನ್ನಡದಲ್ಲಿ ‘ಸಂಕಟ’ ಎದೆಯ, ಹೊಟ್ಟೆಯ ತೊಳಲಾಟವೂ ಹೌದು. ಮಲಯಾಳದಲ್ಲಿ ಅದು ಮುಖ್ಯವಾಗಿ ಮನಸ್ಸಿನ ದುಃಖ. ಮರಾಠಿಯಲ್ಲಿ ಅದು ಆಪತ್ತು. ಕಾಸರಗೋಡಿನ ರೋಗಿಯ ಶಾರೀರಿಕ ದೂರು ಮಲಯಾಳದ ಕಿವಿಗೆ ಅಳಲಾಗಿ ಕೇಳಿಸಬಹುದು. ಜತ್ತದ ರೋಗಿಯದು ಮರಾಠಿಯ ಕಿವಿಗೆ ಮನೆಯ ತಾಪತ್ರಯವಾಗಬಹುದು. ಪರಿಚಿತ ಪದವೇ ಆದ್ದರಿಂದ ಮರುಪ್ರಶ್ನೆ ಹುಟ್ಟುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. ಕನ್ನಡದೊಳಗೂ ಈ ತೊಂದರೆಯಿದೆ: ಉತ್ತರದ ‘ಹೊಟ್ಟೆ ಕಡಿತ’ ನೋವು, ದಕ್ಷಿಣದ ‘ಮೈ ಕಡಿತ’ ತುರಿಕೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಆಡಳಿತ, ಶಿಕ್ಷಣಗಳ ಭಾಷೆಯನ್ನು ಕುರಿತು ದೀರ್ಘ ಚರ್ಚೆ ನಡೆಯಿತು. ವಾರ್ಡಿನ ಭಾಷೆಗೆ ಅಂಥ ಚರ್ಚೆಯ ಭಾಗ್ಯ ಬರಲಿಲ್ಲ. ಗಡಿನಾಡಿನವರು ದ್ವಿಭಾಷಿಗಳು, ತೊಂದರೆಯೇನು ಎಂದು ಕೇಳಬಹುದು. ಸಂತೆಯಲ್ಲಿ, ಕಚೇರಿಯಲ್ಲಿ ನೆರವಾಗುವ ಎರಡನೆಯ ಭಾಷೆ ಸುಡುವ ಜ್ವರದಲ್ಲಿ, ಅರಿವಳಿಕೆಯಿಂದ ಎಚ್ಚರಗೊಳ್ಳುವ ಹೊತ್ತಿನಲ್ಲಿ, ಮುಪ್ಪಿನಲ್ಲಿ ಕೈಕೊಡಬಹುದು.

ಅಳತೆಯ ಪದ್ಧತಿ ಮುಂದುವರಿದಂತೆ ಮಾತಿನ ಮಹತ್ವ ಕಡಿಮೆಯಾಗಲಿಲ್ಲ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪಕದಲ್ಲಿ ಮಾತಿನ ಪ್ರತಿಕ್ರಿಯೆಗೆ 5 ಅಂಕಗಳಿವೆ: ಸ್ಥಳ, ಕಾಲಗಳನ್ನು ಸರಿಯಾಗಿ ಹೇಳಿದರೆ 5, ಗೊಂದಲದ ಮಾತಿಗೆ 4, ಅಸಂಬದ್ಧ ಪದಗಳಿಗೆ 3. ಬ್ರಿಟನ್ನಿನಲ್ಲಿ 2012ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕಪದ್ಧತಿಯನ್ನು 2017ರಲ್ಲಿ ಪರಿಷ್ಕರಿಸಿದಾಗ, ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ಒಮ್ಮೆಗೇ 3 ಅಂಕ ನಿಗದಿಯಾಯಿತು. ರೋಗಿಯ ಭಾಷೆ ತಿಳಿಯದವರಿಗೆ ಅವನ ಗೊಂದಲದ ಮಾತೂ ಸರಿಯಾದ ಮಾತೂ ಒಂದೇ ತೆರನಾಗಿ ಕೇಳಿಸುತ್ತವೆ. ಅಂಕಣ ತುಂಬುತ್ತದೆ, ಅಂಕ ತಪ್ಪಾಗಿರುತ್ತದೆ.

ಇದರ ಹೊಣೆಯನ್ನು ಶುಶ್ರೂಷಕಿಯರ ಮೇಲೆ ಹೊರಿಸುವುದು ಅನ್ಯಾಯ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಅಂದಿನ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ಶುಶ್ರೂಷಕಿಯಿದ್ದಳು. ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂತು. ಶಿಕ್ಷಣಕ್ಕೆ ಏಕರೂಪತೆ ದೊರೆಯಿತು, ಪಠ್ಯದ ಭಾಷೆ ಬಹುಮಟ್ಟಿಗೆ ಇಂಗ್ಲಿಷೇ ಆಗಿ ಉಳಿಯಿತು. ಒಬ್ಬ ಶುಶ್ರೂಷಕಿಯ ಪಾಲಿಗೆ ಇನ್ನೊಬ್ಬ ರೋಗಿ ಸೇರಿದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆಂದು ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ಆಸ್ಪತ್ರೆಗಳನ್ನು ಕುರಿತು ತೋರಿಸಿದರು. ಬಿಡುವಿಲ್ಲದವಳಿಗೆ ಮರುಪ್ರಶ್ನೆ ಕೇಳುವ ವ್ಯವಧಾನವೆಲ್ಲಿ?

ಆದುದರಿಂದ ಭಾಷಾಸಂಶೋಧಕರಿಗೆ ಇಲ್ಲೊಂದು ಸ್ಪಷ್ಟವಾದ ಕೆಲಸವಿದೆ. ಜೋಮು, ಚಳುಕು, ನಿತ್ರಾಣ, ಸಂಕಟ, ಕಡಿತ, ತೊಳಸುವಿಕೆ ಮೊದಲಾದ ದೇಹಾನುಭವದ ಪದಗಳನ್ನು ಗಡಿಯ ಒಂದೊಂದು ಭಾಗದಿಂದಲೂ ಸಂಗ್ರಹಿಸಿ, ಪ್ರತಿಯೊಂದಕ್ಕೂ ನೆರೆಭಾಷೆಯ ಸಮಾನಪದವನ್ನೂ ಕೇಳಬೇಕಾದ ಮುಂದಿನ ಪ್ರಶ್ನೆಯನ್ನೂ ಕೊಡುವ ಕಿರುಕೋಶವೊಂದು ಬೇಕು. ವೈದ್ಯರೂ ಶುಶ್ರೂಷಕಿಯರೂ ಜೊತೆಗಿದ್ದು ಅದನ್ನು ಪರಿಶೀಲಿಸಬೇಕು. ಉಪಭಾಷಾಸಮೀಕ್ಷೆಗಳಲ್ಲಿ ನಾವು ನೇಗಿಲಿನ, ಮಗ್ಗದ ಪದಗಳನ್ನು ಕೂಡಿಹಾಕಿದ್ದೇವೆ. ನೋವಿನ ಪದಗಳನ್ನು ಕೂಡಿಹಾಕಿದರೆ ಅದರ ಪ್ರಯೋಜನ ಗ್ರಂಥಾಲಯವನ್ನು ದಾಟಿ, ರಾತ್ರಿಪಾಳಿಯ ಮಂಚದ ಬಳಿಗೂ ತಲುಪುತ್ತದೆ.