ಹನ್ನೊಂದು ದಿನ ಎಲ್ಲಿ ಹೋದವು?

ಏಕಾದಶಿಯ ವಿಷಯದಲ್ಲಿ ನಮ್ಮ ಬೀದಿಗೆ ಒಮ್ಮತವಿಲ್ಲ. ಕೆಲವು ಸಲ ನಮ್ಮ ಮನೆಯಲ್ಲಿ ಪಾರಣೆಗೆ ಎಲೆ ಹಾಕುವ ಹೊತ್ತಿಗೆ ಎದುರುಮನೆಯ ರಾಯರು ಇನ್ನೂ ನಿರಾಹಾರ ಕುಳಿತಿರುತ್ತಾರೆ. ಅವರ ಪಂಚಾಂಗ ಬೇರೆ, ನಮ್ಮದು ಬೇರೆ. ಇಷ್ಟು ವರ್ಷದಲ್ಲಿ ಇದಕ್ಕಾಗಿ ಜಗಳವೇನೂ ಆಗಿಲ್ಲ. ಯೂರೋಪಿನವರಾದರೋ ಇಂಥದೇ ಒಂದು ಭಿನ್ನಾಭಿಪ್ರಾಯವನ್ನು ಶತಮಾನಗಟ್ಟಲೆ ಎಳೆದಾಡಿದರು.

ಜೂಲಿಯಸ್ ಸೀಸರನ ಪಂಚಾಂಗ ವರ್ಷಕ್ಕೆ ಮುನ್ನೂರ ಅರವತ್ತೈದೂಕಾಲು ದಿನವೆಂದು ಹಿಡಿದಿತ್ತು. ಸೂರ್ಯನ ಲೆಕ್ಕಕ್ಕಿಂತ ಇದು ಸುಮಾರು 11 ನಿಮಿಷ ಹೆಚ್ಚು. ಹನ್ನೊಂದು ನಿಮಿಷ ಯಾವ ಲೆಕ್ಕ ಎನ್ನಬಹುದು. ಆದರೆ ಹದಿನಾರನೆಯ ಶತಮಾನದ ಹೊತ್ತಿಗೆ ಅದು ಬೆಳೆದು ಹತ್ತು ದಿನವಾಗಿತ್ತು. ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಆ ಹತ್ತನ್ನು ಕತ್ತರಿಸಿ ಹಾಕಿದ. ಸ್ಪೇನ್, ಇಟಲಿಗಳಲ್ಲಿ ಅಕ್ಟೋಬರ್ 4ರ ಗುರುವಾರ ಮಲಗಿದವರು 15ರ ಶುಕ್ರವಾರ ಎದ್ದರು. ಪೋಪನ ಮಾತನ್ನು ಒಪ್ಪದ ಇಂಗ್ಲೆಂಡ್ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು.

ಇದರಿಂದ ಹುಟ್ಟಿದ ಗೊಂದಲಗಳಲ್ಲಿ ಕೆಲವು ಬಹಳ ಸೊಗಸಾಗಿವೆ. ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರೆಂದು ನಾವೆಲ್ಲ ಓದಿದ್ದೇವೆ. ಯುನೆಸ್ಕೋ 1995ರಲ್ಲಿ ವಿಶ್ವ ಪುಸ್ತಕ ದಿನಕ್ಕೆ ಅದೇ ತಾರೀಖನ್ನು ಆರಿಸಿತು. ಆದರೆ ಒಬ್ಬನ ತಾರೀಖು ಹಳೆಯ ಲೆಕ್ಕದ್ದು, ಇನ್ನೊಬ್ಬನದು ಹೊಸದು. ಸ್ಪೇನಿನ ಪಂಚಾಂಗದಲ್ಲಿ ಷೇಕ್ಸ್‌ಪಿಯರ್ ಸತ್ತದ್ದು ಮೇ 3ಕ್ಕೆ. ಸಾಲದ್ದಕ್ಕೆ ಸರ್ವಾಂಟಿಸ್ ಸತ್ತದ್ದು 22ರಂದು. 23 ಅವನನ್ನು ಮಣ್ಣು ಮಾಡಿದ ದಿನ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದನೆಂಬ ಮಾತೂ ಇದೇ ಜಾತಿಯದು. ಗೆಲಿಲಿಯೋ ಹೊಸ ಲೆಕ್ಕದ 1642ರ ಜನವರಿ 8ರಂದು ಸತ್ತ. ನ್ಯೂಟನ್ ಹಳೆಯ ಲೆಕ್ಕದ 1642ರ ಡಿಸೆಂಬರ್ 25ರಂದು ಹುಟ್ಟಿದ. ಎರಡನ್ನೂ ಒಂದೇ ಪಂಚಾಂಗದಲ್ಲಿ ಬರೆದರೆ, ಅದು ಯಾವುದೇ ಆಗಲಿ, ವರ್ಷ ಬೇರೆಬೇರೆಯಾಗುತ್ತದೆ.

ಇಂಗ್ಲೆಂಡು ಕೊನೆಗೂ ಮಣಿದದ್ದು 1752ರಲ್ಲಿ. ಆ ವೇಳೆಗೆ ಅಂತರ ಹನ್ನೊಂದು ದಿನವಾಗಿತ್ತು. ಸೆಪ್ಟೆಂಬರ್ 2ರ ಬುಧವಾರದ ಮರುದಿನ 14ರ ಗುರುವಾರ. ಮಸೂದೆಯನ್ನು ಮಂಡಿಸಿದ ಲಾರ್ಡ್ ಚೆಸ್ಟರ್‌ಫೀಲ್ಡ್ ತನಗೆ ಖಗೋಳಶಾಸ್ತ್ರ ಏನೇನೂ ತಿಳಿಯದೆಂದೂ, ಮಾತು ಚೆನ್ನಾಗಿದ್ದುದರಿಂದ ಸಭೆ ತಲೆದೂಗಿತೆಂದೂ ಮಗನಿಗೆ ಕಾಗದ ಬರೆದಿದ್ದಾನೆ. ಲೆಕ್ಕ ಬಲ್ಲ ಲಾರ್ಡ್ ಮ್ಯಾಕಲ್ಸ್‌ಫೀಲ್ಡನ ಭಾಷಣ ಅಷ್ಟು ರುಚಿಸಲಿಲ್ಲವಂತೆ!

ತಮ್ಮ ಆಯುಷ್ಯದಲ್ಲಿ ಹನ್ನೊಂದು ದಿನ ಕಳೆದುಹೋಯಿತೆಂದು ಇಂಗ್ಲೆಂಡಿನ ಮೂಢ ಜನ ಬೀದಿಗಿಳಿದು ದೊಂಬಿ ಎಬ್ಬಿಸಿದರೆಂಬ ಕಥೆಯನ್ನು ನಾನು ಎಷ್ಟೋ ಕಡೆ ರಸವತ್ತಾಗಿ ಹೇಳಿದ್ದೇನೆ. ಒಮ್ಮೆ ಒಂದು ಸಂಘದಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಗುಮಾಸ್ತರೊಬ್ಬರು ಮಾತ್ರ ನಗಲಿಲ್ಲ. “ಸ್ವಾಮಿ, ಆ ತಿಂಗಳು ಮನೆ ಬಾಡಿಗೆ ಎಷ್ಟು ದಿನದ್ದು ಕೊಟ್ಟರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತೆಗೆದೆ.

ಗುಮಾಸ್ತರ ಪ್ರಶ್ನೆ ಆ ಶಾಸನ ಬರೆದವರಿಗೂ ಹೊಳೆದಿತ್ತು. ಬಾಡಿಗೆ, ಸಾಲ, ಬಡ್ಡಿಗಳ ವಾಯಿದೆ ಹನ್ನೊಂದು ದಿನ ಮುಂಚಿತವಾಗಿ ಬರಕೂಡದು, ನಿಜವಾದ ದಿನಗಳು ಕಳೆದ ಮೇಲೆಯೇ ಬರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಕಸಬು ಕಲಿಯಲು ಕರಾರು ಬರೆದುಕೊಟ್ಟ ಹುಡುಗನ ಅವಧಿಗೂ ಅದೇ ನಿಯಮ. ಬ್ರಿಟನ್ನಿನ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 5ಕ್ಕೆ ಮುಗಿಯುವುದು ಈ ಲೆಕ್ಕದ ಪಳೆಯುಳಿಕೆಯೇ. ಮಾರ್ಚ್ 25ರ ಹಳೆಯ ಗಡುವಿಗೆ ಹನ್ನೊಂದು ಕೂಡಿಸಿ ನೋಡಿ.

ಇನ್ನು ದೊಂಬಿ? ಆ ಕಾಲದ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರರಿಗೆ ಅದರ ಪುರಾವೆ ಸಿಕ್ಕಿಲ್ಲ. ಸಿಗುವುದು ಹೊಗಾರ್ತನ ಒಂದು ಚಿತ್ರ. 1755ರ ಸುಮಾರಿನ ಆ ಚಿತ್ರದಲ್ಲಿ ಚುನಾವಣೆಯ ಔತಣ ನಡೆದಿದೆ. ನೆಲದ ಮೇಲೆ, ಪೆಟ್ಟು ತಿಂದವನೊಬ್ಬನ ಕಾಲಬಳಿ, ನಮ್ಮ ಹನ್ನೊಂದು ದಿನ ಕೊಡಿ ಎಂಬ ಅರ್ಥದ ಫಲಕ ಬಿದ್ದಿದೆ. ಹಿಂದಿನ ವರ್ಷ, 1754ರಲ್ಲಿ, ಆಕ್ಸ್‌ಫರ್ಡ್‌ಷೈರಿನ ಚುನಾವಣೆಯಲ್ಲಿ ಆ ಮ್ಯಾಕಲ್ಸ್‌ಫೀಲ್ಡನ ಮಗನೇ ಉಮೇದುವಾರ. ಎದುರಾಳಿಗಳು ತಂದೆಯ ಪಂಚಾಂಗವನ್ನು ಮಗನ ತಲೆಗೆ ಕಟ್ಟಿದರು. ಚುನಾವಣೆಯ ಕುಹಕವನ್ನು ವ್ಯಂಗ್ಯ ಚಿತ್ರಕಾರ ಬರೆದ. ಅದನ್ನು ನೋಡಿದ ಮುಂದಿನವರು ದೊಂಬಿಯೆಂದು ಇತಿಹಾಸದಲ್ಲಿ ಸೇರಿಸಿದರು. ಅವರ ಹಿಂದೆ ನಾನೂ ಇದ್ದೆ. ಎರಡೂವರೆ ಶತಮಾನದ ಹಿಂದಿನ ಕೂಲಿಕಾರರನ್ನು ಮೂಢರೆಂದು ಕರೆದು ಚಪ್ಪಾಳೆ ಗಿಟ್ಟಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಜನ ಒಪ್ಪದೆ ಇದ್ದದ್ದು ಹಬ್ಬದ ವಿಷಯದಲ್ಲಿ. ಕ್ರಿಸ್ಮಸ್ಸಿಗೆ ಹೂ ಬಿಡುವುದೆಂದು ನಂಬಿದ್ದ ಒಂದು ಮುಳ್ಳಿನ ಗಿಡ ಬಕಿಂಗ್‌ಹ್ಯಾಮ್‌ಷೈರಿನ ಕ್ವೇಂಟನ್ ಗ್ರಾಮದಲ್ಲಿತ್ತು. 1752ರ ಡಿಸೆಂಬರ್ 24ರ ರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಜನ ಲಾಂದ್ರ ಹಿಡಿದು ಅದರ ಸುತ್ತ ನೆರೆದರೆಂದು ಆಗಿನ ಪತ್ರಿಕೆಯೊಂದು ವರದಿ ಮಾಡಿದೆ. ಗಿಡ ಹೂ ಬಿಡಲಿಲ್ಲ. ಹಾಗಾದರೆ ಹೊಸ ಕ್ರಿಸ್ಮಸ್ ಸುಳ್ಳೆಂದು ತೀರ್ಮಾನಿಸಿ ಮನೆಗೆ ಹೋದರು. ಗಲಾಟೆಯಿಲ್ಲ, ಕಲ್ಲೇಟಿಲ್ಲ; ಹಳೆಯ ದಿನವೇ ಹಬ್ಬ ಮಾಡಿದರು. ಸುತ್ತಲ ಹಳ್ಳಿಗಳ ಪಾದ್ರಿಗಳೂ ಅದಕ್ಕೇ ತಲೆಬಾಗಬೇಕಾಯಿತು.

ಶೆಟ್ಲೆಂಡಿನ ಫೂಲಾ ಎಂಬ ಪುಟ್ಟ ದ್ವೀಪದಲ್ಲಿ ಇಂದಿಗೂ ಕ್ರಿಸ್ಮಸ್ ಜನವರಿ 6ಕ್ಕೆ. ಹಳೆಯ ಲೆಕ್ಕದ ಪ್ರಕಾರವೂ 1900ರ ನಂತರ ಅದು 7ಕ್ಕೆ ಸರಿಯಬೇಕಿತ್ತು, ಅವರು ಸರಿಸಲಿಲ್ಲ. ಎದುರುಮನೆಯ ರಾಯರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಆ ದ್ವೀಪದಲ್ಲಿ ಎದುರುಮನೆಯವರು ಯಾರೂ ಇಲ್ಲವೇನು?” ಎಂದರು.